ಮೆಕಿಯಾವೆಲಿ: ನೌಕರಿ ಕಳೆದುಕೊಂಡ ಕಾರ್ಯದರ್ಶಿ

ಮೆಕಿಯಾವೆಲಿ ಅಂದರೆ ನಮ್ಮಲ್ಲಿ ಒಂದು ಬೈಗುಳ. ಕಾಲೇಜು ಚುನಾವಣೆಯಲ್ಲಿ ಯಾರಾದರೂ ಒಳಗೊಳಗೇ ಆಟ ಹೂಡಿದರೆ ಆ ಹೆಸರನ್ನು ಅಂಟಿಸಿಬಿಡುತ್ತೇವೆ. 'ದಿ ಪ್ರಿನ್ಸ್' ಓದಿದವರು ಮಾತ್ರ ಕಡಮೆ. ಅದನ್ನು ಓದುವ ಮುಂಚೆ ಆತನ ನೌಕರಿಯ ಕತೆ ತಿಳಿದಿರಬೇಕು ಅಂತ ನನ್ನ ವಾದ.

ಹುಟ್ಟಿದ್ದು ಇಟಲಿಯ ಫ್ಲಾರೆನ್ಸ್‌ನಲ್ಲಿ, 1469ರಲ್ಲಿ. 1494ರಲ್ಲಿ ಆ ಊರು ಮೆಡಿಚಿ ಮನೆತನವನ್ನು ಹೊರಗಟ್ಟಿತ್ತು. ನಂತರದ ಗಣರಾಜ್ಯದ ಕಚೇರಿಯಲ್ಲಿ 1498ರಲ್ಲಿ, ಇಪ್ಪತ್ತೊಂಬತ್ತನೆಯ ವಯಸ್ಸಿಗೆ, ಆತ ಕಾರ್ಯದರ್ಶಿಯಾದ. ಫ್ರಾನ್ಸಿನ ಅರಸನ ಬಳಿಗೆ, ರೋಮಿಗೆ, ಚಕ್ರವರ್ತಿ ಮ್ಯಾಕ್ಸಿಮಿಲಿಯನ್ನನ ಬಳಿಗೆ ಓಡಾಟವೋ ಓಡಾಟ. ಬೆನ್ನಿಗೆ ಬಲವಾದ ಸೈನ್ಯವಿಲ್ಲ, ಖರ್ಚಿಗೆ ಕೊಟ್ಟ ಹಣ ಸಾಲದು ಅನ್ನುವ ದೂರು ಬೇರೆ!

1502ರಲ್ಲಿ ಚೆಸಾರೆ ಬೋರ್ಜಿಯಾನ ಬಳಿಗೆ ಹೋದದ್ದು ಮುಖ್ಯ. ಬೋರ್ಜಿಯಾ ತಾನು ಗೆದ್ದ ರೊಮಾನ್ಯಾ ಸೀಮೆಯನ್ನು ಹದ್ದಿಗೆ ತರಲು ರೆಮಿರೋ ಎಂಬ ಕ್ರೂರ ಅಧಿಕಾರಿಯನ್ನು ನೇಮಿಸಿದ್ದ. ಕೆಲಸ ಮುಗಿಯಿತು, ಜನರಿಗೆ ಸಿಟ್ಟು ಉಳಿಯಿತು. ಕ್ರಿಸ್‌ಮಸ್ಸಿನ ಮರುದಿನ ಬೆಳಗ್ಗೆ ಚೆಸೇನಾ ಊರಿನ ಚೌಕದಲ್ಲಿ ಆ ರೆಮಿರೋನ ಹೆಣ, ಎರಡು ತುಂಡಾಗಿ! ಪಾಪವೆಲ್ಲ ಸೇವಕನ ತಲೆಗೆ, ಒಡೆಯನ ಕೈ ಶುದ್ಧ. ಮೆಕಿಯಾವೆಲಿ ಆಗ ಆ ಊರಲ್ಲೇ ಇದ್ದ. 'ದಿ ಪ್ರಿನ್ಸ್'ನ ಏಳನೆಯ ಅಧ್ಯಾಯ ಹುಟ್ಟಿದ್ದು ಇಲ್ಲಿಂದ, ಕಟ್ಟುಕತೆಯಿಂದಲ್ಲ.

ಕೂಲಿ ಸೈನಿಕರನ್ನು ನಂಬಬಾರದು ಅಂತ 1506ರಲ್ಲಿ ಊರವರದೇ ಪಡೆ ಕಟ್ಟಿಸಿದ. 1509ರಲ್ಲಿ ಪೀಸಾ ಕೈಸೇರಿತು. ಆದರೆ 1512ರಲ್ಲಿ ಪ್ರಾತೋದಲ್ಲಿ ಸ್ಪೇನಿನ ಸೈನ್ಯದೆದುರು ಅದೇ ಪಡೆ ಓಡಿಹೋಯಿತು. ಮೆಡಿಚಿಗಳು ಮರಳಿದರು, ಈತನ ನೌಕರಿ ಹೋಯಿತು. ಮರುವರ್ಷ ಪಿತೂರಿಯ ಶಂಕೆಯ ಮೇಲೆ ಸೆರೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಹಗ್ಗದಲ್ಲಿ ಮೇಲಕ್ಕೆಳೆದು ಧೊಪ್ಪನೆ ಬಿಡುವ ಶಿಕ್ಷೆ. ಮೆಡಿಚಿಯೊಬ್ಬ ಪೋಪ್ ಆದ ಸಂಭ್ರಮದಲ್ಲಿ ಬಿಡುಗಡೆ.

ಆಮೇಲೆ ಹಳ್ಳಿಮನೆ. ಹಗಲೆಲ್ಲ ಊರ ಜನರೊಡನೆ ಇಸ್ಪೀಟು, ಜಗಳ. ಸಂಜೆ ಕೆಸರಿನ ಬಟ್ಟೆ ಕಳಚಿ ದರ್ಬಾರಿನ ಉಡುಪು ತೊಟ್ಟು ಹಳಬರ ಗ್ರಂಥಗಳ ಓದು. 1513ರ ಡಿಸೆಂಬರಿನಲ್ಲಿ ಗೆಳೆಯ ವೆಟ್ಟೋರಿಗೆ ಹೀಗೇ ಬರೆದಿದ್ದಾನೆ. 'ದಿ ಪ್ರಿನ್ಸ್' ಆ ದಿನಗಳ ಬರಹ. ಅರ್ಪಣೆ ಯಾರಿಗೆ? ಅದೇ ಮೆಡಿಚಿಗಳಿಗೆ! ನೌಕರಿಯ ಅರ್ಜಿಯೇ? ಹೌದು, ಅಷ್ಟು ಒಪ್ಪುತ್ತೇನೆ. ಆದರೆ ರೋಮಿನ ಇತಿಹಾಸಕಾರ ಲಿವಿಯನ್ನು ಕುರಿತ 'ಡಿಸ್ಕೋರ್ಸಸ್'ನಲ್ಲಿ ಗಣರಾಜ್ಯವನ್ನೂ ಜನರ ವಿವೇಕವನ್ನೂ ಮನಸಾರೆ ಹೊಗಳಿದವನೂ ಈತನೇ. ಅದನ್ನು ಬಿಟ್ಟು ತೀರ್ಪು ಕೊಡುವುದು ಒಂದೇ ಕಡೆಯ ಸಾಕ್ಷಿ ಕೇಳಿದ ಹಾಗೆ.

ಚಾಣಕ್ಯನೊಡನೆ ಹೋಲಿಸುವ ಚಪಲ ನಮಗುಂಟು. 1909ರಲ್ಲಿ ಮೈಸೂರಿನ ಶಾಮಶಾಸ್ತ್ರಿಗಳು ಅರ್ಥಶಾಸ್ತ್ರವನ್ನು ಅಚ್ಚಿಗೆ ತಂದ ಮೇಲಂತೂ ಸರಿಯೇ. ಆದರೆ ಚಾಣಕ್ಯ, ಕತೆ ಹೇಳುವಂತೆ, ಗೆದ್ದ ಅರಸನ ಮಂತ್ರಿ. ಈತ ಸೋತ ಗಣರಾಜ್ಯದ ನೌಕರ.

1527ರಲ್ಲಿ ಮೆಡಿಚಿಗಳನ್ನು ಮತ್ತೆ ಓಡಿಸಿ ಗಣರಾಜ್ಯ ಮರಳಿತು. ಅಷ್ಟರಲ್ಲಿ ಮೆಡಿಚಿಗಳ ಚಾಕರಿ ಮಾಡಿದ್ದ ಈತನಿಗೆ ಹಳೆಯ ಹುದ್ದೆ ಸಿಗಲಿಲ್ಲ. ಆ ಜೂನ್ 21ರಂದು ತೀರಿಕೊಂಡ. 'ದಿ ಪ್ರಿನ್ಸ್' ಅಚ್ಚಾದದ್ದು 1532ರಲ್ಲಿ, ಒಬ್ಬ ಪೋಪನ ಅನುಮತಿಯಿಂದ. ಆ ಪೋಪನೂ ಮೆಡಿಚಿಯೇ.