ಕುಡ್ಲಕ್ಕೆ ಹೊರಟವರಿಗೆ ಒಂಬತ್ತು ಸೂತ್ರಗಳು

ಮಂಗಳೂರಿಗೆ ಹೋಗಿ ಬಂದವರು ‘ಬೀಚ್ ನೋಡಿದೆವು, ಸೆಕೆಯೋ ಸೆಕೆ’ ಎಂದಷ್ಟೇ ಹೇಳಿದಾಗ ನನಗೆ ಸಂಕಟವಾಗುತ್ತದೆ. ಕರಾವಳಿಗೆ ತನ್ನದೇ ಪಂಚಾಂಗವಿದೆ. ಅದನ್ನು ನೋಡದೆ ಹೊರಟವರಿಗೆ ಸಿಗುವುದು ಮರಳು ಮತ್ತು ಬೆವರು ಮಾತ್ರ.

1. ಮೊದಲು ತಿಂಗಳು, ಆಮೇಲೆ ಜಾಗ
ನವೆಂಬರ್‌ನಿಂದ ಫೆಬ್ರುವರಿವರೆಗಿನ ನಾಲ್ಕು ತಿಂಗಳು ಎಲ್ಲಕ್ಕಿಂತ ಒಳ್ಳೆಯದು. ಗದ್ದೆಗಳಲ್ಲಿ ಕಂಬಳ, ಬಯಲಿನಲ್ಲಿ ಯಕ್ಷಗಾನ, ಊರೂರಲ್ಲಿ ದೈವದ ಕೋಲ. ಯಕ್ಷಗಾನ ಮೇಳಗಳ ತಿರುಗಾಟ ಮೇ ಕೊನೆಯ ಪತ್ತನಾಜೆಗೆ ಮುಗಿಯುತ್ತದೆ. ನವರಾತ್ರಿಗೆ ಬಂದರೆ ಹುಲಿವೇಷದ ತಾಸೆಯ ಸದ್ದು, ಕುದ್ರೋಳಿಯ ದಸರಾ. ಏಪ್ರಿಲ್, ಮೇ ತಿಂಗಳ ಸೆಕೆ ಒಗ್ಗದವರನ್ನು ಹಣ್ಣು ಮಾಡಿಬಿಡುತ್ತದೆ. ಮಳೆಗಾಲ ಮಾತ್ರ ಬೇರೆಯೇ ಲೋಕ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ ಬೀಳುತ್ತದೆ. ಮಳೆಯನ್ನೇ ನೋಡಲು ಬರುವುದಾದರೆ ಖಂಡಿತ ಬನ್ನಿ. ತಾಳಮದ್ದಲೆ ಕೇಳುವುದಕ್ಕೂ ಅದೇ ಕಾಲ.

2. ಘಾಟಿಯನ್ನು ಹಗಲಲ್ಲಿ ಇಳಿಯಿರಿ
ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ರೈಲು ಹಾದಿಯಲ್ಲಿ 57 ಸುರಂಗಗಳಿವೆ. ಹಗಲಿನ ರೈಲು ಸಿಕ್ಕರೆ ಬಿಡಬೇಡಿ. ಟಿಕೆಟ್ ತೆಗೆಯುವಾಗ ಸೆಂಟ್ರಲ್ಲೋ ಜಂಕ್ಷನ್ನೋ ನೋಡಿಕೊಳ್ಳಿ. ಸೆಂಟ್ರಲ್ ಪೇಟೆಯ ನಡುವೆ ಇದೆ, ಜಂಕ್ಷನ್ ಪಡೀಲಿನ ಬಳಿ. ರಸ್ತೆಯಲ್ಲಿ ಬರುವುದಾದರೆ, ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಎರಡೂ ಘಾಟಿಗಳಲ್ಲಿ ಗುಡ್ಡ ಕುಸಿಯುವುದುಂಟು. ಹೊರಡುವ ಬೆಳಿಗ್ಗೆ ರಸ್ತೆಯ ಸುದ್ದಿ ಕೇಳಿಯೇ ಹೊರಡಿ.

3. ಪೇಟೆಗೇ ಒಂದು ಇಡೀ ದಿನ ಕೊಡಿ
ಹೆಚ್ಚಿನವರು ತಪ್ಪುವುದು ಇಲ್ಲೇ. ಮಂಗಳೂರನ್ನು ಧರ್ಮಸ್ಥಳಕ್ಕೋ ಉಡುಪಿಗೋ ಹೋಗುವ ದಾರಿಯ ತಂಗುದಾಣ ಮಾಡಿಕೊಳ್ಳುತ್ತಾರೆ. ಬೆಳಿಗ್ಗೆ ಬೇಗ ಕದ್ರಿಗೆ ಹೋಗಿ. ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಆಳುಪ ದೊರೆ ಕುಂದವರ್ಮನ ಶಾಸನವಿದೆ, ಕಾಲ ಕ್ರಿ.ಶ. 968. ಒಂದು ಸಾವಿರ ವರ್ಷ ದಾಟಿದ ಆ ಕಂಚಿನ ಮುಖದ ಮುಂದೆ ಐದು ನಿಮಿಷ ಸುಮ್ಮನೆ ನಿಲ್ಲಿ. ಅವಸರದಲ್ಲಿ ಕೈ ಮುಗಿದು ಬರುವಂಥದ್ದಲ್ಲ ಅದು. ದೇವಸ್ಥಾನದ ಹಿಂದಿನ ಕೆರೆಗಳು, ಗುಡ್ಡದ ಮೇಲಿನ ನಾಥಪಂಥದ ಜೋಗಿಮಠ ನೋಡಿ ಬಾವುಟಗುಡ್ಡೆಗೆ ಬನ್ನಿ. ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಛಾವಣಿಗಳನ್ನು ಚಿತ್ರಗಳಿಂದ ತುಂಬಿದವರು ಇಟಲಿಯ ಆಂಟೋನಿಯೊ ಮೊಸ್ಕೇನಿ, 1900ರ ಆಸುಪಾಸಿನಲ್ಲಿ. ಸಂಜೆಗೆ ಬೋಳೂರಿನ ಸುಲ್ತಾನ್ ಬತ್ತೇರಿ. ಟಿಪ್ಪುವಿನ ಕಾಲದ ಕರಿಕಲ್ಲಿನ ಕಾವಲು ಬುರುಜು, ಎದುರಿಗೆ ಗುರುಪುರ ಹೊಳೆ, ಆಚೆ ದಡದಲ್ಲಿ ತಣ್ಣೀರುಬಾವಿ.

ಕನ್ನಡಿಗರಿಗೆ ಇನ್ನೊಂದು ಋಣವೂ ಇದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದದ್ದು ಈ ಊರಿನಿಂದ. ಕಿಟೆಲ್ ನಿಘಂಟು 1894ರಲ್ಲಿ ಪ್ರಕಟವಾದದ್ದೂ ಇಲ್ಲಿಂದಲೇ. ಪೇಟೆ ಸುತ್ತುವಾಗ ಇದು ನೆನಪಿರಲಿ.

4. ಸಿಟಿ ಬಸ್ ಹತ್ತಿ
ಪೇಟೆಯ ಒಳಗೆ ಕಾರು ತಂದರೆ ನಿಲ್ಲಿಸುವುದೇ ಒಂದು ಕೆಲಸ. ಖಾಸಗಿ ಸಿಟಿ ಬಸ್ಸುಗಳು ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಎಲ್ಲ ಕಡೆಗೂ ಹೊರಡುತ್ತವೆ. ಕಂಡಕ್ಟರ್ ‘ರೈಟ್ ಪೋಯಿ’ ಎನ್ನುವ ಮೊದಲು ಗಟ್ಟಿಯಾಗಿ ಹಿಡಿದುಕೊಳ್ಳಿ.

5. ದಿನಕ್ಕೆ ಒಂದೇ ದಿಕ್ಕು
ಸುಬ್ರಹ್ಮಣ್ಯ, ಧರ್ಮಸ್ಥಳ, ಕೊಲ್ಲೂರು, ಮುರ್ಡೇಶ್ವರ ಎಲ್ಲವನ್ನೂ ಎರಡು ದಿನಕ್ಕೆ ತುರುಕಿದರೆ ನೀವು ನೋಡುವುದು ಹೆದ್ದಾರಿಯನ್ನು. ನನ್ನ ಆಯ್ಕೆ ಈಶಾನ್ಯದ ದಾರಿ. ಸುಮಾರು 35 ಕಿಲೋಮೀಟರಿಗೆ ಮೂಡುಬಿದಿರೆ. 1430ರ ಸಾವಿರ ಕಂಬದ ಬಸದಿಯ ಇಳಿಜಾರು ಮಾಡು ಇದು ಮಳೆಯ ನಾಡು ಎಂದು ನೋಡಿದ ಕೂಡಲೇ ತಿಳಿಸುತ್ತದೆ. ಅಲ್ಲಿಂದ ಕಾರ್ಕಳ: 1432ರಲ್ಲಿ ನಿಂತ 42 ಅಡಿಯ ಗೊಮ್ಮಟ, ಎದುರಿನ ಗುಡ್ಡದಲ್ಲಿ ಚತುರ್ಮುಖ ಬಸದಿ. ಬಂಡೆ ಕಾಯುವ ಮೊದಲೇ ಮೆಟ್ಟಿಲು ಹತ್ತಿ. ಮಲ್ಪೆಯ ಸೇಂಟ್ ಮೇರಿಸ್ ದ್ವೀಪವನ್ನು ಇನ್ನೊಂದು ದಿನಕ್ಕಿಡಿ. ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಇಲ್ಲ.

6. ಹೊತ್ತು ನೋಡಿ ತಿನ್ನಿ
ಬೆಳಿಗ್ಗೆ ಬನ್ಸ್ ಅಥವಾ ನೀರ್ದೋಸೆ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನದ ಮೀನೂಟ, ಜೊತೆಗೆ ಬಂಗುಡೆ ಪುಳಿಮುಂಚಿ. ಸಂಜೆ ಗೋಳಿಬಜೆ, ಕೊನೆಗೆ ಗಡ್‌ಬಡ್ ಐಸ್‌ಕ್ರೀಮ್. ಕೋರಿ ರೊಟ್ಟಿಯನ್ನು ಗಸಿ ಹಾಕಿದ ಕೂಡಲೇ ತಿನ್ನಿ, ಗರಿ ಹೋದರೆ ರುಚಿ ಹೋಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ. ಆಗ ಮೀನು ದುಬಾರಿ. ಬದಲಿಗೆ ಆಟಿ ತಿಂಗಳ ಪತ್ರೊಡೆ, ಕಣಿಲೆ ಪಲ್ಯ ಕೇಳಿ. ಅವು ಬೇರೆ ತಿಂಗಳಲ್ಲಿ ಸಿಗುವುದು ಕಷ್ಟ.

7. ಎರಡು ತುಳು ಮಾತು ಕಲಿಯಿರಿ
ತುಳುವಿನಲ್ಲಿ ಈ ಊರು ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ. ಕನ್ನಡ ಎಲ್ಲರಿಗೂ ಬರುತ್ತದೆ. ಆದರೂ ‘ಎಂಚ ಉಲ್ಲರ್?’ (ಹೇಗಿದ್ದೀರಿ?) ಎಂದು ಕೇಳಿ ನೋಡಿ, ಆಟೋದವರ ಮುಖ ಅರಳುತ್ತದೆ.

8. ಕೋಲ ಪ್ರದರ್ಶನವಲ್ಲ
ಅದು ಒಂದು ಕುಟುಂಬದ, ಒಂದು ಊರಿನ ನಂಬಿಕೆ. ಮನೆಯವರನ್ನು ಕೇಳದೆ ಮೊಬೈಲ್ ಎತ್ತಬೇಡಿ. ಹಿಂದೆ ನಿಲ್ಲಿ, ದೈವದ ನುಡಿ ನಡೆಯುವಾಗ ಮಾತಾಡಬೇಡಿ. ಪ್ರಸಾದ ಕೊಟ್ಟರೆ ಎರಡೂ ಕೈ ಚಾಚಿ.

9. ಕಡಲಿಗೆ ಎದುರಾಡಬೇಡಿ
ಈಜು ಬಲ್ಲವರನ್ನೂ ಈ ಕಡಲು ಎಳೆದೊಯ್ದಿದೆ. ನೀರಿಗಿಳಿಯಲೇಬೇಕಾದರೆ ಜೀವರಕ್ಷಕರಿರುವ ಪಣಂಬೂರಿಗೆ ಹೋಗಿ. ಸೋಮೇಶ್ವರದ ಬಂಡೆಗಳ ಮೇಲೆ ಸೆಲ್ಫಿಗಾಗಿ ನಿಲ್ಲಬೇಡಿ. ಪಾಚಿ ಜಾರುತ್ತದೆ, ಅಲೆ ಹೇಳಿ ಬರುವುದಿಲ್ಲ. ದಡದ ಮೀನುಗಾರರು ‘ಬೇಡ’ ಎಂದರೆ ದಯವಿಟ್ಟು ಹಿಂದೆ ಸರಿಯಿರಿ.