ರಿಪೇರಿಯ ದುಡ್ಡು ಬೇರೆ, ಆಸೆಯ ದುಡ್ಡು ಬೇರೆ

ಹದಿನೈದು ವರ್ಷ ದಾಟಿದ ಗಾಡಿಗೆ ಇನ್ನೂ ದುಡ್ಡು ಹಾಕಬೇಕೇ? ಜಿಪ್ಸಿ, ಮಹೀಂದ್ರ ಜೀಪು, ಹಳೆ ಥಾರ್ ಇಟ್ಟುಕೊಂಡವರೆಲ್ಲ ಮನೆಯವರಿಂದಲೋ ಪಕ್ಕದ ಮನೆಯವರಿಂದಲೋ ಕೇಳಿಸಿಕೊಳ್ಳುವ ಪ್ರಶ್ನೆ ಇದು. ಹಾಕಬಹುದು ಎನ್ನುವುದೇ ನನ್ನ ಉತ್ತರ, ಆದರೆ ಒಂದು ಷರತ್ತಿದೆ. ರಿಪೇರಿಗೆ ಹೋಗುವ ದುಡ್ಡನ್ನೂ ಅಪ್‌ಗ್ರೇಡ್‌ಗೆ ಹೋಗುವ ದುಡ್ಡನ್ನೂ ಒಂದೇ ಲೆಕ್ಕದಲ್ಲಿ ಬರೆಯಬಾರದು.

ನನ್ನದು 2008ರಲ್ಲಿ ಕೆಎ-05 ಸಂಖ್ಯೆಯಲ್ಲಿ ನೋಂದಣಿಯಾದ ಜಿಪ್ಸಿ. ವಾರದ ದಿನಗಳ ಓಡಾಟಕ್ಕೆ ಬನಶಂಕರಿಯಿಂದ ಮೆಟ್ರೊ ಇದೆ. ಜಿಪ್ಸಿಗೆ ನಿಜವಾದ ಕೆಲಸ ಇರುವುದು ಮೂಡಿಗೆರೆ ಕಡೆಯ ನೆಂಟರ ತೋಟಕ್ಕೆ ಹೋಗುವಾಗ. ಮಳೆಗಾಲದಲ್ಲಿ ಅಲ್ಲಿನ ಕೊನೆಯ ಏರು ಬರೀ ಕೆಸರು. ಫೋರ್ ವೀಲ್ ಹಾಕದೆ ಮನೆ ಮುಟ್ಟುವಂತಿಲ್ಲ. ಹಾಗಾಗಿ ನನಗೆ ಬೇಕಾದದ್ದು ಆ ಏರು ಹತ್ತುವ, ಘಾಟಿ ಇಳಿಯುವಾಗ ನಂಬಿಕೆಯಿಂದ ಬ್ರೇಕ್ ಹಿಡಿಯುವ ಗಾಡಿ. ನನ್ನ ಹಣದ ಲೆಕ್ಕ ಶುರುವಾಗುವುದು ಈ ಅಗತ್ಯದಿಂದ.

ಹೊಸದು ಕೊಂಡರೆ ಎಷ್ಟಾಗುತ್ತದೆ ಎಂದು ಮೊದಲು ನೋಡೋಣ. ಜನಸಾಮಾನ್ಯರಿಗೆ ಜಿಪ್ಸಿ ಮಾರಾಟ ನಿಂತದ್ದು 2019ರಲ್ಲಿ. ಅದರ ಜಾಗಕ್ಕೆ 2023ರಲ್ಲಿ ಬಂದ ಜಿಮ್ನಿಯ ಎಕ್ಸ್ ಷೋರೂಂ ಬೆಲೆ ಶುರುವಾದದ್ದೇ ₹12.74 ಲಕ್ಷದಿಂದ. ಕರ್ನಾಟಕದಲ್ಲಿ ₹10 ಲಕ್ಷದಿಂದ ₹20 ಲಕ್ಷದವರೆಗಿನ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ 17. ಅಂದರೆ ತೆರಿಗೆಯೊಂದೇ ಸುಮಾರು ₹2.17 ಲಕ್ಷ, ಸೆಸ್ ಬೇರೆ. ನನ್ನ ಗಾಡಿಗೆ ಆ ತೆರಿಗೆ ಎಂದೋ ಕಟ್ಟಿ ಮುಗಿದಿದೆ. ತಿಂಗಳಿಗೆ ₹4,000ದಂತೆ ಐದು ವರ್ಷ ಎತ್ತಿಟ್ಟರೆ ₹2.4 ಲಕ್ಷ. ಹೊಸ ಗಾಡಿಯ ತೆರಿಗೆಗೆ ಹೆಚ್ಚುಕಡಿಮೆ ಸಮನಾದ ಈ ಮೊತ್ತದಲ್ಲಿ ಹಳೆಯದನ್ನು ಐದು ವರ್ಷ ಗಟ್ಟಿಯಾಗಿ ಇಟ್ಟುಕೊಳ್ಳಲು ಆಗುತ್ತದೆಯೇ ಎಂಬುದಷ್ಟೇ ಪ್ರಶ್ನೆ.

ಐದು ವರ್ಷ ಎಂದು ಹಿಡಿದದ್ದಕ್ಕೆ ಕಾರಣವಿದೆ. ಹದಿನೈದು ವರ್ಷದ ನಂತರ ಖಾಸಗಿ ಗಾಡಿಯ ಆರ್‌ಸಿ ನವೀಕರಣವಾಗುವುದು ಐದೈದು ವರ್ಷಕ್ಕೆ. 2022ರ ಏಪ್ರಿಲ್‌ನಿಂದ ಕಾರುಗಳ ನವೀಕರಣ ಶುಲ್ಕ ₹600ರಿಂದ ₹5,000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದು ₹10,000 ಆಯಿತು. 2023ರಲ್ಲಿ ನವೀಕರಣವಾದ ನನ್ನ ಗಾಡಿ ಮತ್ತೆ ತಪಾಸಣೆಗೆ ನಿಲ್ಲುವುದು 2028ಕ್ಕೆ. ಶುಲ್ಕ, ಹಸಿರು ತೆರಿಗೆ, ವಿಮೆ, ಹೊಗೆ ತಪಾಸಣೆ ಎಲ್ಲವೂ ಮೊದಲೇ ಗೊತ್ತಿರುವ ಖರ್ಚು. ಆರ್‌ಸಿ ಎಷ್ಟು ವರ್ಷಕ್ಕೋ ನನ್ನ ಬಜೆಟ್ಟೂ ಅಷ್ಟೇ ವರ್ಷಕ್ಕೆ.

ಇನ್ನು ರಿಪೇರಿ. ಗಾಡಿ ಅರವತ್ತರ ವೇಗ ಮುಟ್ಟಿದಾಗ ಸ್ಟಿಯರಿಂಗ್ ನಡುಗಲು ಶುರುವಾಗಿತ್ತು. ಟೈರ್ ಸವೆದಿರಬೇಕು, ದಪ್ಪ ಆಲ್ ಟೆರೈನ್ ಟೈರ್ ಹಾಕಿಸಿಬಿಡೋಣ ಎಂಬ ಲೆಕ್ಕದಲ್ಲಿ ಬನಶಂಕರಿಯ ನಮ್ಮ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಮುಂದಿನ ಚಕ್ರವನ್ನು ಜ್ಯಾಕ್ ಮೇಲೆ ಎತ್ತಿ, ಒಂದು ಕೈ ಟೈರಿನ ನೆತ್ತಿಗೆ, ಇನ್ನೊಂದು ಕೈ ಬುಡಕ್ಕೆ ಕೊಟ್ಟು ಅಲ್ಲಾಡಿಸಿದರು. ಒಳಗಿನಿಂದ ಟಕ್ ಟಕ್ ಎಂದಿತು. ಚಕ್ರದ ಹಿಂದಿನ ಗುಂಡಿನ ಮೇಲೆ ಗ್ರೀಸು ಸೋರಿ ಧೂಳು ಮೆತ್ತಿಕೊಂಡಿತ್ತು. "ಕಿಂಗ್‌ಪಿನ್ ಬೇರಿಂಗ್ ಹೋಗಿದೆ ಸಾರ್. ಇದನ್ನ ಬಿಟ್ಟು ಹೊಸ ಟೈರ್ ಹಾಕಿದ್ರೆ ಅದನ್ನೂ ತಿಂದ್ಹಾಕುತ್ತೆ," ಎಂದರು. ಬೇರಿಂಗ್, ಆಯಿಲ್ ಸೀಲ್, ಸ್ಪ್ರಿಂಗ್ ಬುಷ್ ಬದಲಾಯಿಸಿದ ಮೇಲೆ ನಡುಕ ನಿಂತಿತು. ಹಳೆ ಟೈರೇ ಇನ್ನೂ ಓಡುತ್ತಿದೆ.

ನನ್ನ ಮೊದಲ ಪಟ್ಟಿಯಲ್ಲಿ, ಅಂದರೆ ರಿಪೇರಿಯ ಪಟ್ಟಿಯಲ್ಲಿ, ಇರುವುದು ಇಂಥವೇ: ಬ್ರೇಕು, ಸ್ಟಿಯರಿಂಗು, ಬೇರಿಂಗು, ಚಾಸಿಯ ತುಕ್ಕು, ವೈರಿಂಗು, ಪೆಟ್ರೋಲ್ ಹೋಸು. ಪೆಟ್ರೋಲ್ ಹೋಸನ್ನು ಈಗ ಮರೆಯುವ ಹಾಗಿಲ್ಲ. ಬಂಕಿನಲ್ಲಿ ಸಿಗುತ್ತಿರುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಕೆಲವು ಹಳೆ ಗಾಡಿಗಳಲ್ಲಿ ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಸಣ್ಣ ಖರ್ಚು, ಆದರೆ ಸೋರಿದರೆ ಬೆಂಕಿ. ಬಿಡಿಭಾಗಗಳಿಗೆ ಮಿನರ್ವ ಸರ್ಕಲ್ ದಾಟಿ ಜೆ.ಸಿ. ರಸ್ತೆಗೆ ಹೋದರೆ ಸಾಕು. ಎಸ್ಟೀಮ್ ಕಾರಿನಲ್ಲಿದ್ದದ್ದೂ ಜಿಪ್ಸಿಯ ಎಂಜಿನ್ ಕುಟುಂಬದ್ದೇ 1.3 ಲೀಟರ್ ಎಂಜಿನ್ ಆದ್ದರಿಂದ ಅದರ ಸಾಮಾನಿಗೆ ಅಷ್ಟು ಬರವಿಲ್ಲ. ಬೇರಿಂಗ್ ಮತ್ತು ಬ್ರೇಕ್ ಸಾಮಾನನ್ನು ಮಾತ್ರ ಕಂಪನಿ ಡಬ್ಬಿ, ಬಿಲ್ಲು ಎರಡೂ ಇದ್ದರಷ್ಟೇ ಕೊಳ್ಳುತ್ತೇನೆ. ಅಗ್ಗದ ಮಾಲು ಹಾಕಿಸಿ ಅದೇ ಕೆಲಸಕ್ಕೆ ಮತ್ತೆ ಬಿಚ್ಚಿಸಿದರೆ ಕೂಲಿ ಎರಡು ಸಲ ಕೊಡಬೇಕು.

ಎರಡನೇ ಪಟ್ಟಿ ಆಸೆಯದು. ಆಸೆಯಲ್ಲಿ ತಪ್ಪೇನೂ ಇಲ್ಲ, ಇಂಥ ಗಾಡಿ ಇಟ್ಟುಕೊಳ್ಳುವ ಸಂತೋಷದ ಅರ್ಧಪಾಲು ಅದೇ. ಆದರೆ ಅಪ್‌ಗ್ರೇಡಿನ ಖರ್ಚು ಅಂಗಡಿಯವನು ಹೇಳಿದ ಬೆಲೆಗೆ ಮುಗಿಯುವುದಿಲ್ಲ. ಟೈರನ್ನೇ ತೆಗೆದುಕೊಳ್ಳಿ. ನನ್ನ ಗಾಡಿಯದು 205/70 ಆರ್ 15, ಎತ್ತರ 668 ಮಿ.ಮೀ. ಅನೇಕರು ಆಸೆಪಡುವ 235/75 ಆರ್ 15 ಹಾಕಿದರೆ ಎತ್ತರ 733 ಮಿ.ಮೀ. ದಾಟುತ್ತದೆ, ಅಂದರೆ ಹತ್ತಿರ ಹತ್ತಿರ ಶೇ 10 ಹೆಚ್ಚು. ಆಗ ಮೀಟರು 60 ತೋರಿಸುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ. ಗೇರು ಭಾರವಾಗುತ್ತದೆ, ಏರಿನಲ್ಲಿ ಎಳೆತ ತಗ್ಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಭಾರದ ಚಕ್ರವನ್ನು ನಿಲ್ಲಿಸಲು ಬ್ರೇಕಿಗೆ ಕಷ್ಟ, ಬೇರಿಂಗಿಗೆ ಸವೆತ. ಪವರ್ ಸ್ಟಿಯರಿಂಗ್ ಇಲ್ಲದ ಗಾಡಿಯನ್ನು ಜಯನಗರದ ಅಡ್ಡರಸ್ತೆಯಲ್ಲಿ ಪಾರ್ಕ್ ಮಾಡುವಾಗ ತೋಳಿಗೂ ಕೆಲಸ. ಅದಕ್ಕೊಂದು ಸ್ಟಿಯರಿಂಗ್ ಕಿಟ್ಟು, ಟೈರು ಮಡ್‌ಗಾರ್ಡಿಗೆ ತಗುಲದಂತೆ ಉದ್ದನೆಯ ಶ್ಯಾಕಲ್ಲು. ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ.

ಕಾನೂನನ್ನೂ ಗಮನಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಮುಂದೆ ಹಾಕಿಸುವ ಕ್ರ್ಯಾಶ್ ಗಾರ್ಡ್ ವಿರುದ್ಧ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ನವೀಕರಣದ ತಪಾಸಣೆಗೆ ಮುಂಚೆ ದುಡ್ಡು ಕೊಟ್ಟು ಬಿಚ್ಚಿಸಬೇಕಾದ ವಸ್ತುವನ್ನು ದುಡ್ಡು ಕೊಟ್ಟು ಹಾಕಿಸುವುದರಲ್ಲಿ ಅರ್ಥವಿಲ್ಲ.

ವಿಮೆಯೂ ಆಸೆಯ ದುಡ್ಡನ್ನು ಕಾಯುವುದಿಲ್ಲ. 1000ದಿಂದ 1500 ಸಿಸಿ ಕಾರಿನ ಥರ್ಡ್ ಪಾರ್ಟಿ ಪ್ರೀಮಿಯಂ ₹3,416, ಜಿಎಸ್‌ಟಿ ಬೇರೆ. ಅದು ಎದುರಿನವರ ನಷ್ಟಕ್ಕೆ ಮಾತ್ರ. ಸ್ವಂತ ಹಾನಿಯ ವಿಮೆ ಮಾಡಿಸಿದರೂ, ಹತ್ತು ವರ್ಷ ದಾಟಿದ ಗಾಡಿಯ ಲೋಹದ ಭಾಗಗಳಿಗೆ ಶೇ 50 ಸವಕಳಿ ಕಳೆಯುತ್ತಾರೆ. ಟೈರು, ಬ್ಯಾಟರಿಗೂ ಶೇ 50. ಹೆಚ್ಚುವರಿಯಾಗಿ ಹಾಕಿಸಿದ ಸಾಮಾನನ್ನು ಪಾಲಿಸಿಯಲ್ಲಿ ಬರೆಸಿ ಪ್ರೀಮಿಯಂ ಕಟ್ಟಿರದಿದ್ದರೆ ಅದಕ್ಕೆ ಪರಿಹಾರವೇ ಇಲ್ಲ. ಮಾರುವಾಗಲೂ ಕೊಳ್ಳುವವರು ಮೊದಲು ಬಗ್ಗಿ ನೋಡುವುದು ಚಾಸಿಯನ್ನು, ಆಮೇಲೆ ಕೇಳುವುದು ಕಾಗದಪತ್ರವನ್ನು.

ಸಾಲದ ವಿಚಾರದಲ್ಲಿ ನಾನು ಗಟ್ಟಿ. ಅಪ್‌ಗ್ರೇಡ್‌ಗೆಂದು ₹2 ಲಕ್ಷ ಪರ್ಸನಲ್ ಲೋನನ್ನು ಶೇ 14ರಂತೆ ಮೂರು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು ₹6,835, ಒಟ್ಟು ಬಡ್ಡಿ ₹46,000. ಅದರ ಬದಲು ತಿಂಗಳ ₹4,000 ಆರ್‌ಡಿಯಲ್ಲಿ ಬೀಳಲಿ. ರಿಪೇರಿ ಪಟ್ಟಿ ಪೂರ್ತಿ ಮುಗಿದು ವರ್ಷದ ಕೊನೆಗೆ ಏನಾದರೂ ಉಳಿದರೆ ಅದು ಆಸೆಗೆ. ನಾನು ಹೀಗೆ ಉಳಿಸಿ ಕೊಂಡದ್ದು ಹೆಡ್‌ಲೈಟ್ ರಿಲೇ ಮತ್ತು ಒಂದು ಒಳ್ಳೆಯ ಟೋಯಿಂಗ್ ಪಟ್ಟಿ. ಎರಡೂ ತೋಟದ ದಾರಿಯಲ್ಲಿ ಪ್ರತಿ ಮಳೆಗಾಲ ಉಪಯೋಗಕ್ಕೆ ಬರುತ್ತಿವೆ.

ನಿಮ್ಮ ಗಾಡಿಗೂ ನವೀಕರಣದ ದಿನ ಹತ್ತಿರ ಬಂದಿದ್ದರೆ, ಅರ್ಜಿಯನ್ನು ಅರವತ್ತು ದಿನ ಮುಂಚಿತವಾಗಿಯೇ ಹಾಕಬಹುದು. ಅದಕ್ಕೂ ಮೊದಲು ಗಾಡಿಯನ್ನು ನಂಬಿಕಸ್ಥ ಮೆಕ್ಯಾನಿಕ್ ಹತ್ತಿರ ಒಯ್ದು, ಮೇಲೆತ್ತಿಸಿ, ಚಾಸಿಯಿಂದ ಹಿಡಿದು ನೋಡಿಸಿ, ಎರಡು ಪಟ್ಟಿ ಬರೆಯಿರಿ. ಮೊದಲ ಪಟ್ಟಿಯ ಮೊತ್ತ ಐದು ವರ್ಷದ ನಿಧಿಯೊಳಗೆ ಬಂದರೆ ಗಾಡಿ ಇಟ್ಟುಕೊಳ್ಳಿ. ತುಕ್ಕು ಚಾಸಿಯನ್ನೇ ತಿಂದು ಆ ಮೊತ್ತ ನಿಧಿಯನ್ನು ದಾಟುವುದಾದರೆ, ಕಾಗದಪತ್ರ ಚಾಲ್ತಿಯಲ್ಲಿರುವಾಗಲೇ, ತುಕ್ಕಿನ ವಿಷಯವನ್ನೂ ಮುಚ್ಚಿಡದೆ ಹೇಳಿ ಮಾರಿಬಿಡಿ. ಎರಡನೇ ಪಟ್ಟಿ ನೋಡಿಕೊಂಡು ಮಾತ್ರ ಈ ತೀರ್ಮಾನ ಮಾಡಬೇಡಿ.