ಸೊಪ್ಪಿನಿಂದ ಹಿಂಡಿ, ತಿಳಿಯಿಂದ ಅನಿಲ

ದಾದರಿನ ತರಕಾರಿ ಮಾರುಕಟ್ಟೆಯ ಬದಿಯಲ್ಲಿ ಬಿದ್ದಿರುವ ಕೋಸಿನ ಎಲೆ, ಮೂಲಂಗಿ ಸೊಪ್ಪುಗಳ ರಾಶಿಯನ್ನು ತೋರಿಸಿ, "ಇದರಿಂದ ಏನಾದರೂ ಉಪಯೋಗವುಂಟೆ?" ಎಂದು ವಾಚನಾಲಯದ ಮಿತ್ರರೊಬ್ಬರು ಕೇಳಿದರು. ಅವರ ಊರಿನ ಮನೆಯಲ್ಲಿ ಒಂದು ಎಮ್ಮೆ, ಕೆಲವು ಕೋಳಿಗಳುಂಟು. ಇಲ್ಲಿಂದ ಕಳುಹಿಸುವ ಹಣದ ಬಹುಭಾಗ ಹಿಂಡಿಗೇ ಹೋಗುವುದಂತೆ. ನಾವು ಓದಿ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇವೆ.

ಹಸಿರೆಲೆಯಲ್ಲಿ ಸಸಾರಜನಕ, ಅಂದರೆ ಪ್ರೋಟೀನು, ಬೇಕಾದಷ್ಟಿದೆ. ಆದರೆ ಅದು ನಾರಿನೊಡನೆ ಬೆರೆತಿದೆ. ದನ ಎಮ್ಮೆಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ನಾರನ್ನು ಕರಗಿಸಿಕೊಡುತ್ತವೆ. ಕೋಳಿಗೂ ನಮಗೂ ಆ ಅನುಕೂಲವಿಲ್ಲ. ಇವೆರಡನ್ನೂ ಬೇರ್ಪಡಿಸಬಹುದೆಂದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಪಿರಿ ಎಂಬ ವಿಜ್ಞಾನಿ ವಾದಿಸಿದರು. 1960ರ ದಶಕದಲ್ಲಿ ನಮ್ಮ ಮೈಸೂರಿನ ಆಹಾರ ಸಂಶೋಧನಾಲಯದಲ್ಲಿಯೂ ಈ ಪ್ರಯೋಗಗಳು ನಡೆದವು.

ಕ್ರಮ ಹೀಗಿದೆ. ಕುದುರೆ ಮಸಾಲೆಯಂತಹ ಎಳೆಯ ಮೇವನ್ನು ಕೊಯ್ದ ದಿನವೇ ಜಜ್ಜಿ, ರಸ ಹಿಂಡಬೇಕು. ರಸವನ್ನು ಸುಮಾರು 80 ಡಿಗ್ರಿ ಸೆಂಟಿಗ್ರೇಡಿಗೆ ಬೇಗನೆ ಕಾಯಿಸಿದರೆ ಹಾಲು ಒಡೆದಂತೆ ಹಸಿರು ಗಸಿ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿ ಒಣಗಿಸಿದ ಆ ಪುಡಿಯಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಪ್ರೋಟೀನೇ. ಅದನ್ನು ತಿಂದ ಕೋಳಿಯ ಮೊಟ್ಟೆಯ ಭಂಡಾರ ಒಳ್ಳೆಯ ಹಳದಿಯಾಗುತ್ತದೆ. ಹಿಂಡಿ ಉಳಿದ ನಾರಿನಲ್ಲಿಯೂ ಸತ್ವವಿರುವುದರಿಂದ ಅದು ಎಮ್ಮೆಗೆ ಸಲ್ಲುತ್ತದೆ.

ಇನ್ನು ಸೋಸಿದ ಕಂದು ತಿಳಿ. ಇದನ್ನು ಹಳ್ಳಕ್ಕೆ ಬಿಟ್ಟರೆ ನೀರು ಕೆಡುತ್ತದೆ; ಗಾಳಿಯಾಡದ ತೊಟ್ಟಿಗೆ ಬಿಟ್ಟರೆ ಉರಿಯುವ ಅನಿಲ ಬರುತ್ತದೆ. ಈ ವಿದ್ಯೆ ನಮ್ಮ ನೆರೆಗೆ ಹೊಸತಲ್ಲ. 1897ರಲ್ಲಿಯೇ ಮಾಟುಂಗಾದ ಕುಷ್ಠರೋಗಿಗಳ ಆಶ್ರಮದಲ್ಲಿ ಮಲದ ತೊಟ್ಟಿಯಿಂದ ಅನಿಲ ಹಿಡಿದಿದ್ದರು! ಆದರೆ ಇಡೀ ಸೊಪ್ಪನ್ನು ಗೋಬರ್ ಗ್ಯಾಸಿನ ತೊಟ್ಟಿಗೆ ಸುರಿಯುವುದು ತಪ್ಪು. ಅದು ಮೇಲೆ ತೇಲಿ ಕೆನೆಯಂತೆ ಕಟ್ಟಿಕೊಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸೊಪ್ಪಿಗೆಂದೇ ಬೇರೆ ಬಗೆಯ ತೊಟ್ಟಿಗಳನ್ನು ರೂಪಿಸಬೇಕಾಯಿತು.

ಲೆಕ್ಕ ಬರೆಯುವ ಕೆಲಸದವರಾದ ನಮಗೆ ಖರ್ಚಿನ ಕಡೆಯೂ ಕಾಣುತ್ತದೆ. 100 ಕಿಲೋ ಹಸಿ ಸೊಪ್ಪಿನಲ್ಲಿ ಸುಮಾರು 80 ಕಿಲೋ ನೀರೇ. ಕೈಗೆ ಸಿಗುವ ಪುಡಿ ಎರಡು ಮೂರು ಕಿಲೋ. ಯಂತ್ರ ತಿರುಗಿಸಲು, ರಸ ಕಾಯಿಸಲು ಇಂಧನ ಬೇಕು. ಡೆನ್ಮಾರ್ಕಿನಲ್ಲಿ ಈಚಿನ ವರ್ಷಗಳಲ್ಲಿ ಹುಲ್ಲಿನಿಂದ ಪ್ರೋಟೀನು ತೆಗೆಯುವ ಕಾರ್ಖಾನೆಗಳು ನಡೆಯುತ್ತಿರುವುದು ಹೊಲ, ಯಂತ್ರ, ಅನಿಲದ ತೊಟ್ಟಿ ಮೂರೂ ಹತ್ತಿರವಿರುವಲ್ಲಿ.

ಆದುದರಿಂದ ಮಿತ್ರರಿಗೆ ನಾವು ಹೇಳಿದ್ದು ಇಷ್ಟು: ಒಂದು ಎಮ್ಮೆಯ ಮನೆಗೆ ಯಂತ್ರ ಬೇಡ, ಮೇವನ್ನು ಹಾಗೆಯೇ ಹಾಕಲಿ. ಕೋಳಿ ಸಾಕುವ ಹತ್ತಾರು ಮನೆಗಳು ಸಹಕಾರ ಸಂಘ ಮಾಡಿಕೊಂಡರೆ ಮಾತು ಬೇರೆ. ಮಾರುಕಟ್ಟೆಯ ರಾಶಿ ಬಾಡಿ, ಪ್ಲಾಸ್ಟಿಕ್ಕಿನೊಡನೆ ಬೆರೆತಿರುವುದರಿಂದ ಮೇವಿಗೆ ಬಾರದು. ಆರಿಸಿ ಅರೆದರೆ ಅನಿಲಕ್ಕೆ ಬರುತ್ತದೆ. ಹಾಗೆಂದು ಬೇಲಿಯ ಲಂಟಾನ, ಹರಳೆಲೆಗಳನ್ನು ಯಾರೂ ಹಿಂಡಿ ಕೋಳಿಗೆ ಹಾಕಬಾರದು, ಅವುಗಳಲ್ಲಿ ವಿಷವಿದೆ.